ಆಕಳಿಗೆ ನಾಲ್ಕು ಕಾಲು

ನಮ್ಮ ಕನ್ನಡ ಶಾಲೆಗಳಲ್ಲಿ ಬರವಣಿಗೆ ಎಂದು ಕಲಿಸುವುದರಲ್ಲಿ ಮುಕ್ಕಾಲು ಪಾಲು ನಕಲು. ಒಂದನೆಯ ತರಗತಿಯಲ್ಲಿ ಅಕ್ಷರದ ಮೇಲೆ ತೀಡುವುದು, ಮೂರನೆಯದರಲ್ಲಿ ಶುದ್ಧಬರಹ, ಐದಕ್ಕೆ ಬಂದಮೇಲೆ ಬೋರ್ಡಿನ ಪ್ರಶ್ನೋತ್ತರವನ್ನು ಪಟ್ಟಿಗೆ ಇಳಿಸಿಕೊಳ್ಳುವುದು. ನಡುವೆ ಎಲ್ಲೋ ಒಮ್ಮೆ ಆಕಳಿನ ಮೇಲೆ ಹತ್ತು ಸಾಲಿನ ನಿಬಂಧ. ಆಕಳಿಗೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಅದು ಸಾಧು ಪ್ರಾಣಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಷ್ಟೋ ಮಕ್ಕಳು ಬೆಳಿಗ್ಗೆ ಕೊಟ್ಟಿಗೆಗೆ ಹೋಗಿಬಂದೇ ಪಾಟಿಚೀಲ ಹೆಗಲಿಗೇರಿಸುವವರು. ಯಾವ ದನ ಹಾಯುತ್ತದೆ, ಯಾವುದು ಬೇಲಿ ಹಾರುತ್ತದೆ, ಯಾವುದು ಕರು ಬಿಡದೆ ಹಾಲು ಕೊಡುವುದಿಲ್ಲ, ಎಲ್ಲ ಅವರಿಗೆ ಗೊತ್ತು. ಅಂಥವರ ಕೈಯಲ್ಲಿ ಕಾಲು ನಾಲ್ಕು ಎಂದು ಬರೆಸುವುದು ಯಾರಿಗೆ ತಿಳಿಸಲಿಕ್ಕೆ?

ಬರೆಯಲು ಎರಡು ಬೇಕು: ಹೇಳಲಿಕ್ಕೆ ಏನಾದರೂ ಇರಬೇಕು, ಅದು ಗೊತ್ತಿಲ್ಲದವರು ಒಬ್ಬರಾದರೂ ಓದಬೇಕು. ಶಾಲೆಯ ನಿಬಂಧದಲ್ಲಿ ಎರಡೂ ಇಲ್ಲ. ಮಗು ತನಗೆ ಬೇಡದ ಮಾತನ್ನು, ಮೊದಲೇ ಗೊತ್ತಿರುವ ಮಾಸ್ತರರಿಗೆ ಬರೆದು ತೋರಿಸುತ್ತದೆ.

ಅಕ್ಷರದ ಮಟ್ಟಿಗೆ ನಾವು ಕಡಿಮೆ ಯೋಚಿಸಿದವರಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದು ಅ ಆ ಇ ಈ ಎಂಬ ಸಾಲನ್ನು ಬದಿಗಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ಐದೇ ಅಕ್ಷರ ಬಂದರೆ ಸಾಕು, ಸರ, ಅರಸ, ಗರಗಸ ಎಂದು ಬರೆಯಬಹುದು. ಜಾಣತನದ ಕೆಲಸ ಅದು. ಆದರೆ ಅಕ್ಷರ ಕೈಗೆ ಹತ್ತಿದ ಮೇಲೆ ಅದರಿಂದ ಏನು ಮಾಡಬೇಕು ಎಂಬಲ್ಲಿ ನಮ್ಮ ಯೋಚನೆ ನಿಂತುಬಿಡುತ್ತದೆ.

ಐದನೆಯ ತರಗತಿಯ ಒಂದು ಮಗುವಿಗೆ ಮಳೆಗಾಲದ ಬಗ್ಗೆ ಬರೆ ಎಂದಿರಿ ಎನ್ನಿ. ಮೊದಲು ಬರುವುದು ಗೈಡಿನ ಮಾತು. ಮಳೆಗಾಲವು ಜೂನ್ ತಿಂಗಳಿನಲ್ಲಿ ಆರಂಭವಾಗುತ್ತದೆ, ರೈತರು ಸಂತೋಷಗೊಳ್ಳುತ್ತಾರೆ, ಪ್ರಕೃತಿಯ ಸೊಬಗು ನೋಡಲು ಎರಡು ಕಣ್ಣು ಸಾಲದು. (ಕೊಳೆರೋಗ ಬಿದ್ದ ವರ್ಷ ಅಡಿಕೆ ತೋಟದವರ ಸಂತೋಷವನ್ನು ಆ ಗೈಡು ಬರೆದವರು ಒಮ್ಮೆ ಬಂದು ನೋಡಬೇಕು.) ಕಾಗುಣಿತ ಸರಿ, ಅಕ್ಷರ ಗುಂಡು, ರೈಟ್ ಹಾಕಿ ಕಳಿಸಬಹುದು. ಅಕ್ಕೋರು ಹಾಗೆ ಕಳಿಸದೆ ಕೇಳುತ್ತಾರೆ:

"ನಿನ್ನೆ ಯಾಕೆ ಶಾಲೆಗೆ ಬರಲಿಲ್ಲ?"

"ಸಂಕದ ಮೇಲೆ ನೀರು ಬಂದಿತ್ತು ಅಕ್ಕೋರೆ."

"ಯಾರು ನೋಡಿದ್ದು?"

"ಅಪ್ಪ. ಕೋಲು ಹಾಕಿ ನೋಡಿದ. ಒಂದು ದಬ್ಬೆ ಅಲ್ಲಾಡ್ತಿತ್ತು. ವಾಪಸ್ ನಡಿ ಅಂದ."

"ಆಮೇಲೆ?"

"ಮನೆಗೆ ಹೋಗಿ ಕಾಲಿನ ಉಂಬಳ ಕಿತ್ತೆ. ಅಪ್ಪಂಗೇ ಜಾಸ್ತಿ ಹತ್ತಿತ್ತು."

"ಇದನ್ನೇ ಬರೆ."

ಬರೆದದ್ದು ನಾಲ್ಕೇ ಸಾಲು ಬಂದೀತು. ಅದರಲ್ಲಿ ಅಪ್ಪ ಇರುವುದಿಲ್ಲ, ಕೋಲು ಮಾತ್ರ ಇರುತ್ತದೆ. ಕೋಲು ಹಿಡಿದವರು ಯಾರು ಎಂದು ಅಕ್ಕೋರು ಕೇಳಿದಾಗ ಮಗುವಿಗೆ ಅಚ್ಚರಿ, ಇಷ್ಟೂ ಗೊತ್ತಾಗುವುದಿಲ್ಲವೇ ಇವರಿಗೆ ಎಂದು. ತನ್ನ ತಲೆಯಲ್ಲಿರುವುದು ಹಾಳೆಯ ಮೇಲೆ ಇಲ್ಲ ಎಂದು ಅದಕ್ಕೆ ಹೊಳೆಯುವುದು ಆಗಲೇ. ನಾನು ಬರವಣಿಗೆಯ ಪಾಠ ಎಂದು ಕರೆಯುವುದು ಈ ಗಳಿಗೆಯನ್ನು. ಒತ್ತಕ್ಷರ, ಮಹಾಪ್ರಾಣಗಳನ್ನು ಇದಾದ ಮೇಲೆ ಧಾರಾಳವಾಗಿ ತಿದ್ದಬಹುದು. ಅಷ್ಟು ಹೊತ್ತಿಗೆ ತಿದ್ದಿಕೊಳ್ಳಲು ಮಗುವಿಗೂ ಒಂದು ಕಾರಣ ಹುಟ್ಟಿರುತ್ತದೆ.

ಇಲ್ಲಿ ಮನೆಮಾತಿನ ತೊಡಕು ಬರುತ್ತದೆ. ಈ ಮೂರು ತಾಲೂಕುಗಳಲ್ಲಿ ಅದು ಸಣ್ಣದಲ್ಲ. ಹವ್ಯಕರ ಮನೆಯ ಹುಡುಗ 'ಆಯಿ ತೋಟಕ್ಕೆ ಹೋತು', 'ಕೊಟ್ಟಿಗೆಯಲ್ಲಿ ಕರು ಇದ್ದು' ಎಂದು ಬರೆದರೆ ಕೆಂಪು ಗೀಟು ಬೀಳುತ್ತದೆ. ಇದೇ ಜಿಲ್ಲೆಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಹವ್ಯಕರ ಆಡುಮಾತಿನಲ್ಲಿ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' ಬರೆದು ಅಚ್ಚು ಹಾಕಿಸಿದ್ದು 1887ರಲ್ಲಿ. ನಾಟಕಕ್ಕೆ ಸಲ್ಲುವ ಮಾತು ಪಟ್ಟಿಯಲ್ಲಿ ಬಂದರೆ ತಪ್ಪಾಗುತ್ತದೆ. ಯಲ್ಲಾಪುರದ ಕಡೆಯ ಸಿದ್ದಿ, ಕುಣಬಿ ಮಕ್ಕಳ ಮನೆಯಲ್ಲಿ ಆಡುವುದು ಕೊಂಕಣಿ. ಗೌಳಿ ಮಕ್ಕಳದು ಮರಾಠಿಯ ಒಂದು ಬಗೆ. ಅವರು ಕನ್ನಡವನ್ನೇ ಶಾಲೆಗೆ ಬಂದು ಕಲಿಯಬೇಕು.

ಹಾಗಾದರೆ ಮಕ್ಕಳು ಹೇಗೆ ಬರೆದರೂ ನಡೆಯಲಿ, ತಿದ್ದುವುದೇ ಬೇಡ ಎನ್ನುವವರಿದ್ದಾರೆ. ಕೇಳಲು ಚೆಂದವಾದ ಮಾತು, ಒಪ್ಪುವುದು ಕಷ್ಟ. ಹವ್ಯಕರ ಹುಡುಗನಿಗೆ ಗ್ರಾಂಥಿಕ ಕನ್ನಡ ಶಾಲೆಯಲ್ಲಿ ಸಿಗದಿದ್ದರೂ ಮನೆಗೆ ಬರುವ ಪೇಪರಿನಲ್ಲಿ ಕಣ್ಣಿಗೆ, ತಾಳಮದ್ದಳೆಯಲ್ಲಿ ಕಿವಿಗೆ ಬೀಳುತ್ತದೆ. ಸಿದ್ದಿ ಹುಡುಗಿಗೆ ಶಾಲೆ ಬಿಟ್ಟರೆ ಅದು ಸಿಗುವ ಜಾಗ ಕಡಿಮೆ. ತಿದ್ದದೆ ಬಿಟ್ಟರೆ ಮೊದಲಿನವನಿಗೆ ನಷ್ಟವಿಲ್ಲ. ಎರಡನೆಯವಳು ಮುಂದೆ ಅರ್ಜಿ ಬರೆಯಬೇಕಾದಾಗ, ಪರೀಕ್ಷೆಗೆ ಕೂತಾಗ ದಂಡ ತೆರುತ್ತಾಳೆ. ಆ ಮಗುವಿನ ತಾಯಿತಂದೆ ನಮ್ಮ ಹುಡುಗಿಗೆ ಶುದ್ಧ ಕನ್ನಡ ಕಲಿಸಿ ಎಂದು ಕೇಳಿದರೆ ಅದು ಹಿಂದುಳಿದ ವಿಚಾರವಲ್ಲ. ತಿದ್ದಲೇಬೇಕು. ಆದರೆ ಮೊದಲ ಸಾಲಿಗೇ ಕೆಂಪು ಪೆನ್ನು ಹಿಡಿದರೆ ಎರಡನೆಯ ಸಾಲು ಹುಟ್ಟುವುದಿಲ್ಲ. ಸರಿ ಬರುತ್ತದೆಂದು ಗೊತ್ತಿರುವ ನಾಲ್ಕು ಪದಗಳಲ್ಲೇ ಮಗು ಸುತ್ತತೊಡಗುತ್ತದೆ, ಆಕಳಿನ ನಾಲ್ಕು ಕಾಲಿಗೇ ಬಂದು ನಿಲ್ಲುತ್ತದೆ.

ಇದಕ್ಕೆ ದಾರಿ ನಾವು ಕೊರತೆ ಎಂದು ಲೆಕ್ಕ ಹಿಡಿಯುವ ಕಡೆಯಲ್ಲೇ ಇದೆ ಎಂದು ನನಗನಿಸುತ್ತದೆ. ಈ ಸೀಮೆಯಲ್ಲಿ ಮನೆಗಳು ಒಂದೆಡೆ ಸೇರಿಲ್ಲ; ಕಣಿವೆಗೊಂದು ತೋಟ, ತೋಟದ ತಲೆಗೆ ಒಂದೆರಡು ಮನೆ. ಹಾಗಾಗಿ ಹತ್ತು ಹದಿನೈದು ಮಕ್ಕಳ ಶಾಲೆಗಳು, ಐದು ತರಗತಿಗೆ ಒಬ್ಬರೋ ಇಬ್ಬರೋ ಶಿಕ್ಷಕರು. ವಿಲೀನದ ಮಾತು ಎದ್ದಾಗಲೆಲ್ಲ ಮೊದಲು ಅಳುಕುವುದು ಇಂಥ ಶಾಲೆಗಳೇ. ಬೇರೆ ಪಾಠಗಳಿಗೆ ಅದು ತೊಡಕೇ ಇರಬಹುದು. ಬರವಣಿಗೆಗೆ ಮಾತ್ರ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ 'ಕೋಲು ಹಿಡಿದವರು ಯಾರು' ಎಂದು ಒಬ್ಬೊಬ್ಬರನ್ನೇ ಕೇಳಲು ಯಾರಿಂದಲೂ ಆಗದು. ಹನ್ನೆರಡು ಮಕ್ಕಳಿದ್ದರೆ ಆಗುತ್ತದೆ. ಒಂದೇ ಕೋಣೆಯಲ್ಲಿ ಕೂರುವ ಐದನೆಯವರು ಎರಡನೆಯವರು ಹೇಳಿದ್ದನ್ನು ಬರೆದುಕೊಡಬಹುದು.

ಚಿಕ್ಕ ಶಾಲೆಯಲ್ಲಿ ಕಡಿಮೆ ಬೀಳುವುದು ಓದುಗರು. ಎಲ್ಲರಿಗೂ ಎಲ್ಲರ ಮನೆಯ ಸುದ್ದಿ ಗೊತ್ತು. ಫ್ರಾನ್ಸಿನ ಸೆಲೆಸ್ತೀನ್ ಫ್ರೆನೆ ಎಂಬ ಹಳ್ಳಿಮಾಸ್ತರ ನೂರು ವರ್ಷದ ಹಿಂದೆಯೇ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟಾಗಿ, ಹೆಚ್ಚು ಹೊತ್ತು ಪಾಠ ಹೇಳಲು ಅವನಿಗೆ ಉಸಿರು ಸಾಲುತ್ತಿರಲಿಲ್ಲ. 1920ರಲ್ಲಿ ದಕ್ಷಿಣದ ಗುಡ್ಡಗಾಡಿನ ಶಾಲೆಗೆ ಸೇರಿದವನು ಮಕ್ಕಳನ್ನು ಹೊರಗೆ ಸುತ್ತಾಡಿಸಿ, ಕಂಡದ್ದನ್ನು ಬರೆಸಿದ. ಕೆಲವು ವರ್ಷಗಳಲ್ಲಿ ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದು, ಬರೆದದ್ದನ್ನು ಅವರ ಕೈಯಿಂದಲೇ ಅಚ್ಚು ಹಾಕಿಸಿ, ದೂರದ ಬ್ರಿಟನಿ ಸೀಮೆಯ ಕಡಲ ಕಡೆಯ ಶಾಲೆಗೆ ಕಳಿಸಿದ. ಅಲ್ಲಿಂದ ಮೀನುಗಾರರ ಮಕ್ಕಳು ಬರೆದದ್ದು ಬಂತು.

ನಮಗೆ ಯಂತ್ರವೂ ಬೇಡ, ಅಂಚೆ ಕಾರ್ಡು ಸಾಕು. ಯಲ್ಲಾಪುರದ ಗೌಳಿವಾಡದ ಹುಡುಗ ತನ್ನ ಮನೆಯ ಎಮ್ಮೆಗಳ ಬಗ್ಗೆ ಸಿದ್ದಾಪುರದ ತೋಟದ ಹುಡುಗಿಗೆ ಬರೆಯಲಿ. ಮಳೆಗೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದು ಹೇಗೆ ಎಂದು ಅವಳು ತಿಳಿಸಲಿ. ಅವನ ಮರಾಠಿ ಅವಳಿಗೆ ತಿಳಿಯದು, ಅವಳ ಹವ್ಯಕ ಮಾತು ಅವನಿಗೆ ತಿಳಿಯದು. ಆಗ ಇಬ್ಬರಿಗೂ ಪುಸ್ತಕದ ಕನ್ನಡ ಬೇಕಾಗುತ್ತದೆ. 'ಇದ್ದು' ಎಂದು ಬರೆದರೆ ಅವನು ಏನೆಂದುಕೊಳ್ಳುತ್ತಾನೋ ಎಂದು ಅವಳೇ ಅಳಿಸಿ ಬರೆಯುತ್ತಾಳೆ.

ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಒಬ್ಬರೇ ಶಿಕ್ಷಕರು. ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವೇ. ಹೊಸ ಸಮಯ ಹುಡುಕುವುದು ಬೇಡ, ಶುದ್ಧಬರಹಕ್ಕೆ ಹೋಗುವ ಸಮಯದಲ್ಲಿ ವಾರಕ್ಕೊಂದು ಅವಧಿ ತೆಗೆದರಾಯಿತು. ಶನಿವಾರದ ಬೆಳಗಿನ ಶಾಲೆಯೂ ಆದೀತು. ಶಿಕ್ಷಕರಿಗೆ ಧೈರ್ಯ ಕೊಡಬೇಕಾದವರು ಮೇಲಿನವರು. ಶಾಲೆ ತಪಾಸಣೆಗೆ ಬಂದವರು ಪಟ್ಟಿ ತೆರೆದಾಗ ಹೊಡೆದುಹಾಕಿದ ಸಾಲು, ಬಾಣದ ಗುರುತು, ಅಂಚಿನಲ್ಲಿ ಸೇರಿಸಿದ ಮಾತು ಕಂಡರೆ ಅದು ಕೊಳಕಲ್ಲ, ಮಗು ಯೋಚಿಸಿದ ಗುರುತು ಎಂದು ಒಪ್ಪಬೇಕು. ಇಲಾಖೆಗೆ ಒಂದು ಸುತ್ತೋಲೆ ಹೊರಡಿಸಲೇಬೇಕು ಎಂದಿದ್ದರೆ, ಇದನ್ನೇ ಹೊರಡಿಸಲಿ.