ಮಗುವಿನ ಪಾದಕ್ಕೆ ತಾಯಿಯನ್ನು ಏಕೆ ದೂರುತ್ತೀರಿ?

ನನ್ನ ಮಗ ಹುಟ್ಟಿದಾಗ ಅವನ ಎರಡೂ ಪಾದಗಳು ಒಳಕ್ಕೆ ತಿರುಚಿಕೊಂಡಿದ್ದವು. ಮಗುವನ್ನು ನೋಡಲು ಬಂದ ಅತ್ತೆ ಮೊದಲು ಕೇಳಿದ್ದು, "ಗ್ರಹಣದ ದಿನ ಏನು ಮಾಡಿದ್ದೆ?" ಎಂದು. ಹಸಿ ಬಾಣಂತಿಯಾದ ನಾನೂ ಒಂಬತ್ತು ತಿಂಗಳನ್ನು ನೆನೆನೆನೆದು ನನ್ನ ತಪ್ಪನ್ನು ಹುಡುಕಿದೆ.

ವೈದ್ಯರು ಹೇಳಿದ್ದೇ ಬೇರೆ. ಇದು ಸೊಟ್ಟಪಾದ. ಸುಮಾರು ಸಾವಿರಕ್ಕೊಂದು ಮಗುವಿಗೆ ಹೀಗಾಗುತ್ತದೆ. ಹೆಚ್ಚಿನವರಲ್ಲಿ ಕಾರಣ ಗೊತ್ತಾಗುವುದಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪಾದವನ್ನು ಕೈಯಿಂದಲೇ ಸ್ವಲ್ಪಸ್ವಲ್ಪ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್ ಬೇಕು. ಆಮೇಲೆ ನಡುವೆ ಸರಳು ಜೋಡಿಸಿದ ಬೂಟು: ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ. ಬೂಟು ಬಿಟ್ಟರೆ ಪಾದ ಮತ್ತೆ ತಿರುಗುವ ಸಂಭವ ಹೆಚ್ಚು.

ಆದರೆ ಬಸ್ ಚಾರ್ಜಿಗೂ ನಾನು ಗಂಡನ ಮುಂದೆ ಕೈಯೊಡ್ಡಬೇಕಿತ್ತು. "ನಮ್ಮ ವಂಶದಲ್ಲಿ ಇಂಥದ್ದಿಲ್ಲ, ಖರ್ಚು ನಿಮ್ಮಪ್ಪನೇ ಕೊಡಲಿ" ಎಂದರು. ಮದುವೆಯಲ್ಲಿ ಬಾಕಿ ಉಳಿದಿದ್ದ ಹಣದ ಮಾತು ಮತ್ತೆ ಎದ್ದದ್ದು ಆಗಲೇ. ರಾತ್ರಿ ಮಗು ಅತ್ತರೆ ಅತ್ತೆ ಬೂಟು ಬಿಚ್ಚಿಬಿಡುತ್ತಿದ್ದರು. ಪಾದ ತಿರುಗಿದಾಗ ಬೈಗುಳ ಮಾತ್ರ ನನಗೆ. ಕೊನೆಗೆ ತವರಿಗೆ ಬಂದು, ಮೊದಲಿನಿಂದ ಪ್ಲಾಸ್ಟರ್ ಹಾಕಿಸಿದೆ. ಈಗ ಅವನು ಶಾಲೆಗೆ ನಡೆದೇ ಹೋಗುತ್ತಾನೆ.

ಪ್ಲಾಸ್ಟರ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದವರು ಹೆಚ್ಚಾಗಿ ತಾಯಂದಿರೇ. ಅವರಲ್ಲೊಬ್ಬಳ ಮಗು ಹೆಣ್ಣು. "ಕುಂಟಿಗೆ ನಾಳೆ ಎರಡರಷ್ಟು ವರದಕ್ಷಿಣೆ ಸುರಿಯಬೇಕು, ಈಗಲೂ ಖರ್ಚು ಮಾಡಬೇಕೆ?" ಎಂದಿದ್ದರಂತೆ ಅವಳ ಮಾವ. ನಾಲ್ಕನೆಯ ವಾರದ ನಂತರ ಆಕೆ ಬರಲಿಲ್ಲ.

ಸೋದರಿಯರೇ, ಹೊಡೆತದ ಗುರುತು, ಸುಟ್ಟ ಗಾಯ ಕಂಡರೆ ಅದನ್ನು ಹಿಂಸೆ ಎನ್ನುತ್ತೇವೆ. ಮಗುವಿನ ಚಿಕಿತ್ಸೆಗೆ ಹಣ ತಡೆಯುವುದನ್ನು ಮನೆಯ ಕಷ್ಟವೆಂದು ಸುಮ್ಮನಾಗುತ್ತೇವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹಾಗೆ ಹೇಳುವುದಿಲ್ಲ. ಹೆಂಡತಿಗೆ, ಮಕ್ಕಳಿಗೆ ಅಗತ್ಯವಾಗಿ ಬೇಕಾದ ಹಣ ಕೊಡದಿರುವುದು ಆರ್ಥಿಕ ಹಿಂಸೆ; ಹೀಯಾಳಿಸುವುದು ಮಾನಸಿಕ ಹಿಂಸೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟಪಾದಕ್ಕೆ ಉಚಿತ ಚಿಕಿತ್ಸೆಯಿದೆ. ಆದರೆ ಹೊಸಿಲು ದಾಟಲು ಬಿಡದ ಮನೆಯಲ್ಲಿ ಅದರಿಂದೇನು ಪ್ರಯೋಜನ?

ಎಲ್ಲ ಅಂಗವೈಕಲ್ಯವೂ ಚಿಕಿತ್ಸೆಯಿಂದ ಸರಿಹೋಗುವುದಿಲ್ಲ. ಅಂಥ ಮಗುವಿನ ತಾಯಿಗೆ ದೂಷಣೆ ಮುಗಿಯುವುದೇ ಇಲ್ಲ. ಆದ್ದರಿಂದ ನಮ್ಮ ಸಾಂತ್ವನ ಕೇಂದ್ರಗಳಿಗೆ ಬರುವ ಪ್ರತಿ ತಾಯಿಗೂ ಇನ್ನೊಂದು ಪ್ರಶ್ನೆ ಕೇಳೋಣ: "ಮಗು ಹುಟ್ಟಿದಾಗ ಮನೆಯವರು ಏನೆಂದರು?" ಉತ್ತರವನ್ನು ದೂರಿನಲ್ಲಿ ಬರೆದುಕೊಳ್ಳೋಣ.