ಎರಡನೇ ಸೀಸನ್ ಬಂದರೆ ಅದು ಕಿಮ್‌ದಾಗಬೇಕು

'ಫ್ರೀಕ್ಸ್ ಆಂಡ್ ಗೀಕ್ಸ್' ನೋಡಿ ಮುಗಿಸಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: ಮುಂದಿನ ಸೀಸನ್ ಎಲ್ಲಿ? ಇಲ್ಲ ಮಾರಾಯ್ರೇ. ಇರೋದೇ 18 ಎಪಿಸೋಡ್. ನಾವು ಹುಟ್ಟೋದಕ್ಕೆ ಮುಂಚೆಯೇ ನಿಲ್ಲಿಸಿಬಿಟ್ಟ ಶೋ ಇದು.

1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ ಇದನ್ನ ಶುರು ಮಾಡಿದ್ದು ಶನಿವಾರ ರಾತ್ರಿ ಎಂಟು ಗಂಟೆಗೆ. ಟೀನೇಜ್ ಹುಡುಗ ಹುಡುಗಿಯರಿಗೆ ಅಂತ ಮಾಡಿದ ಶೋ, ಅವರು ಮನೇಲಿ ಇರದ ಹೊತ್ತಿಗೆ. ಆಮೇಲೆ ಸೋಮವಾರಕ್ಕೆ ತಳ್ಳಿದ್ರು. ಅಲ್ಲಿ ಎದುರಿಗೆ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್', ನಮ್ಮ 'ಕನ್ನಡದ ಕೋಟ್ಯಧಿಪತಿ'ಯ ಅಮೆರಿಕನ್ ಅಕ್ಕ. ಗೆಲ್ಲೋಕಾಗುತ್ತಾ? 12 ಎಪಿಸೋಡ್ ಪ್ರಸಾರ ಆಗೋ ಹೊತ್ತಿಗೆ ಕ್ಯಾನ್ಸಲ್. ಅದೇ ವರ್ಷ, 2000ದಲ್ಲಿ, ಪಾತ್ರಗಳಿಗೆ ನಟರನ್ನ ಆರಿಸಿದ ರೀತಿಗೆ ಎಮ್ಮಿ ಪ್ರಶಸ್ತಿ ಬಂತು. ಆ ನಟರು ಯಾರು ಅಂತ ನೋಡಿ: ಸೇತ್ ರೋಗನ್, ಜೇಮ್ಸ್ ಫ್ರಾಂಕೋ, ಜೇಸನ್ ಸೀಗಲ್, ಲಿಂಡಾ ಕಾರ್ಡೆಲ್ಲಿನಿ. ನಮ್ಮ ಸಿಎಸ್ ಬ್ರಾಂಚ್‌ನವರ ದೇವರು, 'ಸಿಲಿಕಾನ್ ವ್ಯಾಲಿ'ಯ ಗಿಲ್ಫಾಯ್ಲ್ ಇದಾನಲ್ಲ, ಆ ಮಾರ್ಟಿನ್ ಸ್ಟಾರ್ ಇಲ್ಲಿ ದಪ್ಪ ಕನ್ನಡಕದ ಬಿಲ್.

ನೋಡಿಲ್ಲದವರಿಗೆ ಕಥೆ ಚಿಕ್ಕದಾಗಿ ಹೇಳ್ತೀನಿ. ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಹತ್ತಿರದ ಒಂದು ಕಾಲ್ಪನಿಕ ಊರು, 1980-81ರ ಶಾಲಾ ವರ್ಷ. ಲಿಂಡ್ಸೆ ವಿಯರ್ ಗಣಿತದಲ್ಲಿ ಮುಂದು, ಶಾಲೆಯ ಮ್ಯಾಥ್ಸ್ ಟೀಮಿನ ಹುಡುಗಿ. ಅಜ್ಜಿ ಸಾಯೋವಾಗ ಪಕ್ಕದಲ್ಲಿ ಇದ್ದವಳು ಇವಳೊಬ್ಬಳೇ. ಏನಾದ್ರೂ ಕಾಣಿಸ್ತಿದೆಯಾ ಅಂತ ಕೇಳಿದ್ರೆ ಅಜ್ಜಿ ಏನೂ ಇಲ್ಲ ಅಂದುಬಿಡ್ತಾಳೆ. ಅಲ್ಲಿಂದ ಲಿಂಡ್ಸೆಗೆ ಮಾರ್ಕ್ಸು, ಟೀಮು, ಮೆಡಲ್ಲು ಯಾವುದೂ ಬೇಡ ಅನ್ಸುತ್ತೆ. ಹಸಿರು ಮಿಲಿಟರಿ ಜಾಕೆಟ್ ಹಾಕ್ಕೊಂಡು ಕ್ಲಾಸ್ ಬಂಕ್ ಮಾಡೋ ಗುಂಪಿಗೆ ಸೇರ್ತಾಳೆ. ಅವರೇ ಫ್ರೀಕ್‌ಗಳು. ಅವಳ ತಮ್ಮ ಸ್ಯಾಮ್, ಅವನ ಗೆಳೆಯರಾದ ಬಿಲ್, ನೀಲ್ ಗೀಕ್‌ಗಳು.

ಕೊನೆಯ ಎಪಿಸೋಡ್‌ನಲ್ಲಿ ಲಿಂಡ್ಸೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನಡೆಯೋ ಜಾಣ ವಿದ್ಯಾರ್ಥಿಗಳ ಶಿಬಿರಕ್ಕೆ ಆಯ್ಕೆ ಆಗಿರ್ತಾಳೆ. ಅಪ್ಪ ಅಮ್ಮ ಹೆಮ್ಮೆಯಿಂದ ಬಸ್ ಹತ್ತಿಸ್ತಾರೆ. ಅವಳು ದಾರಿಯಲ್ಲಿ ಇಳಿದು, ಕಾಯ್ತಿದ್ದ ಕಿಮ್ ಕೆಲ್ಲಿ ಜೊತೆ ಒಂದು ವ್ಯಾನ್ ಹತ್ತಿ, ಗ್ರೇಟ್‌ಫುಲ್ ಡೆಡ್ ಅನ್ನೋ ಬ್ಯಾಂಡ್ ಹಿಂದೆ ಊರೂರು ಸುತ್ತೋಕೆ ಹೊರಟುಹೋಗ್ತಾಳೆ. ಅಷ್ಟೇ. ಮುಗೀತು.

ಈ ಕೊನೆಯನ್ನ ಎಲ್ಲರೂ 'ಸ್ವಾತಂತ್ರ್ಯ' ಅಂತಾರೆ. ಹಾಗಾಗಿ ಮುಂದಿನ ಸೀಸನ್ ಕಲ್ಪಿಸೋವಾಗಲೂ ಲಿಂಡ್ಸೆಯದೇ ಕಥೆ. ಅವಳು ರಸ್ತೆಯಲ್ಲಿ ಜೀವನ ಕಲಿತು ಬರ್ತಾಳೆ, ಅಪ್ಪ ಕ್ಷಮಿಸ್ತಾರೆ, ದೊಡ್ಡ ಕಾಲೇಜಿಗೆ ಹೋಗ್ತಾಳೆ. ನಿಕ್ ಡ್ರಮ್ಮರ್ ಆಗ್ತಾನೆ. ಕೊನೆಗೆ ಗೀಕ್‌ಗಳ ಜೊತೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡಿ ಖುಷಿಪಟ್ಟ ಡೇನಿಯಲ್ ಕಂಪ್ಯೂಟರ್ ಗೇಮ್ ಮಾಡ್ತಾನೆ. ಕೇಳೋಕೆ ಚೆನ್ನಾಗಿದೆ, ಆದರೆ ಇದು ಸ್ಕೂಲ್ ಡೇ ಬಹುಮಾನ ವಿತರಣೆ. ಈ ಶೋ ಯಾವತ್ತೂ ಹಾಗೆ ಬಹುಮಾನ ಹಂಚಿಲ್ಲ.

ನನ್ನ ಪ್ರಶ್ನೆ ಬೇರೆ. ವ್ಯಾನ್ ಹತ್ತಿದ್ದು ಇಬ್ಬರು. ವಾಪಸ್ ಬಂದಾಗ ಇಬ್ಬರಿಗೂ ಬೀಳೋ ಬಿಲ್ ಒಂದೇನಾ?

ಲಿಂಡ್ಸೆ ಮನೆ ಗೊತ್ತಲ್ಲ. ಅಪ್ಪ ಹೆರಾಲ್ಡ್‌ಗೆ ಸ್ವಂತ ಕ್ರೀಡಾ ಸಾಮಾನಿನ ಅಂಗಡಿ ಇದೆ. ದಿನಾ ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರ್ತಾರೆ, ಅಪ್ಪನ ಪ್ರತಿ ಬುದ್ಧಿಮಾತೂ ಯಾರೋ ಸತ್ತುಹೋದ ಕಥೆಯಲ್ಲೇ ಮುಗಿಯುತ್ತೆ. ಬೈತಾರೆ, ಆದರೆ ಕೈ ಬಿಡಲ್ಲ. ಶಾಲೆಯ ಕೌನ್ಸೆಲರ್ ರಾಸೋಗೂ ಇವಳ ಮೇಲೆ ಪ್ರೀತಿ. ಗ್ರೇಟ್‌ಫುಲ್ ಡೆಡ್ ರೆಕಾರ್ಡ್ ಅವಳ ಕೈಗೆ ಕೊಟ್ಟಿದ್ದೂ ಅವರೇ.

ಕಿಮ್ ಮನೆ? ಅದನ್ನ ತೋರಿಸೋ ಎಪಿಸೋಡ್ ಒಂದಿದೆ, 'ಕಿಮ್ ಕೆಲ್ಲಿ ಈಸ್ ಮೈ ಫ್ರೆಂಡ್'. ಚಿಕ್ಕಮ್ಮ ಕೊಟ್ಟ ಕಾರನ್ನ ಅಮ್ಮ ಎಲ್ಲಿ ಕಿತ್ಕೊಳ್ತಾಳೋ ಅಂತ ಕಿಮ್ ಸುಳ್ಳು ಹೇಳಿ ಲಿಂಡ್ಸೆಯನ್ನ ಊಟಕ್ಕೆ ಕರ್ಕೊಂಡು ಹೋಗ್ತಾಳೆ. ಊಟ ಜಗಳ ಆಗುತ್ತೆ, ಜಗಳ ಹೊಡೆದಾಟದ ಹಂತಕ್ಕೆ ಹೋಗುತ್ತೆ, ಇಬ್ಬರೂ ಕಾರು ಹತ್ತಿ ಓಡ್ತಾರೆ. ಎನ್‌ಬಿಸಿ ಈ ಎಪಿಸೋಡನ್ನ ಪ್ರಸಾರವೇ ಮಾಡಲಿಲ್ಲ. ಶೋ ಕ್ಯಾನ್ಸಲ್ ಆದಮೇಲೆ ಬೇರೆ ಚಾನೆಲ್‌ನಲ್ಲಿ ಬಂತು. ಲಿಂಡ್ಸೆ ಮನೆಯ ಊಟದ ಟೇಬಲ್ ಹತ್ತಾರು ಸಲ ತೋರಿಸಬಹುದು, ಕಿಮ್ ಮನೆಯದು ಒಂದು ಸಲವೂ ಬೇಡ. ಅದಕ್ಕೇ ನಾನು ಹೇಳೋದು, ಎರಡನೇ ಸೀಸನ್ ಬಂದರೆ ಕಿಮ್ ಕೆಲ್ಲಿಯದಾಗಬೇಕು.

ಹೀಗೆ ಊಹಿಸಿಕೊಳ್ಳಿ. 1981ರ ಸೆಪ್ಟೆಂಬರ್. ಪ್ರವಾಸ ತೋರಿಸೋದೇ ಬೇಡ. ಇಬ್ಬರೂ ಊರಿಗೆ ವಾಪಸ್ ಬಂದಿದಾರೆ, ಹೈಸ್ಕೂಲಿನ ಕೊನೆಯ ವರ್ಷ. ಲಿಂಡ್ಸೆ ಮನೆಯಲ್ಲಿ ಮೊದಲು ಅಳು, ಆಮೇಲೆ ಮೌನ, ಆಮೇಲೆ ಶಿಕ್ಷೆ, ಆಮೇಲೆ ಊಟ. ಶಾಲೆಯಲ್ಲಿ ಮೀಟಿಂಗ್. "ಒಳ್ಳೆ ಹುಡುಗಿ, ಒಂದು ಸಲ ದಾರಿ ತಪ್ಪಿದಾಳೆ" ಅಂತ ತೀರ್ಮಾನ. ಎರಡು ವಾರದಲ್ಲಿ ಮ್ಯಾಥ್ಸ್ ಟೀಮಿನವರೇ ವಾಪಸ್ ಬಾ ಅಂತ ಕರೀತಾರೆ. ಕಿಮ್ ವಿಷಯಕ್ಕೆ ಯಾವ ಮೀಟಿಂಗೂ ಇಲ್ಲ. "ಅವಳೇ ಕೆಡಿಸಿದ್ದು" ಅನ್ನೋ ಒಂದೇ ಮಾತು. ಮನೆಗೆ ಹೋದ್ರೆ ಕಾರು ಮಾರಿಬಿಟ್ಟಿದಾರೆ.

ಈಗ ನನ್ನ ಸೀಸನ್‌ನ ಮುಖ್ಯ ದೃಶ್ಯ. ಕಿಮ್ ಒಂದು ರಾತ್ರಿ ವಿಯರ್ ಮನೆ ಬಾಗಿಲು ತಟ್ಟುತ್ತಾಳೆ. ಹೆರಾಲ್ಡ್ ಬಾಗಿಲು ತೆಗೀತಾರೆ. ಮೊದಲನೇ ಸೀಸನ್‌ನಲ್ಲಿ ನಿಕ್‌ನ ಅಪ್ಪ ಅವನ ಡ್ರಮ್ಸ್ ಮಾರಿಬಿಟ್ಟಾಗ ನಿಕ್ ಬಂದು ನಿಂತಿದ್ದು ಇದೇ ಮನೆಗೆ. ಇದೇ ಹೆರಾಲ್ಡ್ ಗೊಣಗ್ತಾನೇ ಜಾಗ ಕೊಟ್ಟಿದ್ದರು. ಆದರೆ ಈಗ ನಿಂತಿರೋದು ಮಗಳನ್ನ ಕರ್ಕೊಂಡು ಓಡಿಹೋದವಳು. ಒಳ್ಳೆ ಮನುಷ್ಯನ ಒಳ್ಳೆತನ ಎಲ್ಲೀವರೆಗೆ? ಲಿಂಡ್ಸೆ ಮೆಟ್ಟಿಲ ಮೇಲೆ ನಿಂತು "ನಾನೇ ಬಸ್ ಇಳಿದಿದ್ದು, ಅವಳಲ್ಲ" ಅಂತ ಹೇಳ್ತಾಳಾ, ಸುಮ್ಮನಿರ್ತಾಳಾ? ಇಡೀ ಸೀಸನ್ ಈ ಒಂದು ಮಾತಿನ ಮೇಲೆ ನಿಲ್ಲಬಹುದು.

ಇದು ನನ್ನ ತಲೆಯಿಂದ ಹುಟ್ಟಿದ ಹೊಸ ವಿಷಯ ಏನಲ್ಲ, ಶೋನಲ್ಲೇ ಬೀಜ ಇದೆ. ಒಂದು ಎಪಿಸೋಡ್‌ನಲ್ಲಿ ಡೇನಿಯಲ್ ಗಣಿತ ಟೆಸ್ಟ್‌ಗೆ ಲಿಂಡ್ಸೆ ಸಹಾಯ ಕೇಳ್ತಾನೆ. ಚಿಕ್ಕವನಿದ್ದಾಗಲೇ ತನ್ನನ್ನ ಮೂರನೇ ಟ್ರ್ಯಾಕಿಗೆ ಹಾಕಿದ್ರು, ಅಂದ್ರೆ ದಡ್ಡರ ಟ್ರ್ಯಾಕಿಗೆ, ಅಂತ ಹೇಳ್ಕೊಂಡು ಅಳೋ ಹಾಗಾಗ್ತಾನೆ. ಅವಳು ಕರಗಿ ಕಾಪಿಗೆ ಸಹಾಯ ಮಾಡ್ತಾಳೆ. ಸಿಕ್ಕಿಬಿದ್ದ ಮೇಲೆ ಅವನು ಕೌನ್ಸೆಲರ್ ಮುಂದೆ ಅದೇ ಕಥೆಯನ್ನ ಅದೇ ಧಾಟಿಯಲ್ಲಿ ಮತ್ತೆ ಹೇಳ್ತಾನೆ. ಲಿಂಡ್ಸೆಗೆ ನಗು ತಡೆಯೋಕಾಗಲ್ಲ. ನಾವೂ ನಗ್ತೀವಿ. ಆದರೆ ಡೇನಿಯಲ್ ಆ ಕಥೆಯನ್ನ ಆಯುಧ ಮಾಡ್ಕೊಂಡಿದಾನೆ ಅಂದ ಮಾತ್ರಕ್ಕೆ ಅದು ಸುಳ್ಳಾಗಲ್ಲ. ಅವನನ್ನ ಮೂರನೇ ಟ್ರ್ಯಾಕಿಗೆ ಹಾಕಿದ್ದರೆ ಹಾಕಿದ್ದೇ.

ಕಾಲವನ್ನೂ ನೋಡಿ. ಆ ಊರುಗಳ ಅನ್ನ ಕಾರು ಫ್ಯಾಕ್ಟರಿಗಳದ್ದು. 1982ರ ಕೊನೆಗೆ ಮಿಷಿಗನ್‌ನಲ್ಲಿ ನಿರುದ್ಯೋಗ ಶೇ 16 ದಾಟಿತ್ತು. ಅಂದರೆ ಕಿಮ್, ಡೇನಿಯಲ್ ಶಾಲೆ ಬಿಟ್ಟು ಕೆಲಸ ಹುಡುಕೋದು ಸರಿಯಾಗಿ ಆ ಹೊತ್ತಿಗೆ. ಲಿಂಡ್ಸೆ ಆಗ ಯಾವುದೋ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೂತಿರ್ತಾಳೆ.

ಉಳಿದವರನ್ನ ಏನು ಮಾಡೋದು? ಶೋ ಸೃಷ್ಟಿಸಿದ ಪಾಲ್ ಫೀಗ್ ತಮ್ಮ ಯೋಚನೆಗಳನ್ನ ಆಮೇಲೆ ಹೇಳ್ಕೊಂಡಿದಾರೆ. ಬಿಲ್ ಬ್ಯಾಸ್ಕೆಟ್‌ಬಾಲ್ ಟೀಮ್ ಸೇರೋದು, ಡೇನಿಯಲ್ ಜೈಲು ಸೇರೋದು ಅದರಲ್ಲಿವೆ. ಬಿಲ್ ವಿಷಯ ನನಗೆ ಒಪ್ಪಿಗೆ. ಅವನ ಅಮ್ಮ ಪಿಟಿ ಮೇಷ್ಟ್ರನ್ನೇ ಇಷ್ಟಪಟ್ಟಿದಾಳೆ, ಪಾಪ ಅವನಿಗೆ ಬೇರೆ ದಾರಿ ಎಲ್ಲಿದೆ! ಡೇನಿಯಲ್‌ನ ಜೈಲೂ ನನ್ನ ವಾದಕ್ಕೇ ಹೊಂದುತ್ತೆ. ಆದರೆ ಅದನ್ನ 'ಅವನ ಸ್ವಭಾವವೇ ಹಾಗೆ' ಅಂತ ತೋರಿಸಬಾರದು. ಮೂರನೇ ಟ್ರ್ಯಾಕ್‌ನ ಕೊನೆಯ ಸ್ಟಾಪ್ ಅಂತ ತೋರಿಸಬೇಕು.

"ಇಷ್ಟು ಸೀರಿಯಸ್ ಆದ್ರೆ ಯಾರು ನೋಡ್ತಾರೆ?" ಅಂತ ನನ್ನ ರೂಮ್‌ಮೇಟ್ ಕೇಳ್ದ. ನ್ಯಾಯವಾದ ಪ್ರಶ್ನೆ. ಆದರೆ ಈ ಶೋನಲ್ಲಿ ನಗು ಯಾವಾಗಲೂ ಬಂದಿರೋದು ನೋವಿನ ಪಕ್ಕದಿಂದಲೇ. ಬಿಲ್ ಖಾಲಿ ಮನೆಗೆ ಬಂದು, ಸ್ಯಾಂಡ್‌ವಿಚ್ ಮಾಡ್ಕೊಂಡು, ಟಿವಿಯಲ್ಲಿ ಕಾಮಿಡಿ ನೋಡ್ತಾ ಒಬ್ಬನೇ ಬಿದ್ದು ಬಿದ್ದು ನಗೋ ದೃಶ್ಯ ಇದೆ. ಅದರಲ್ಲಿ ಅವನಿಗೆ ಒಂದು ಡೈಲಾಗ್ ಇಲ್ಲ. ನೋಡಿದವರು ಮರೆಯಲ್ಲ. ಕಿಮ್ ಸೀಸನ್ ಕೂಡ ಹಾಗೇ ನಗಿಸಬಹುದು. ಹೇಗೂ ಶೋದಲ್ಲಿ ಎಲ್ಲರಿಗಿಂತ ಚುರುಕು ನಾಲಿಗೆ ಅವಳದೇ.

ಹಳೇ ನಟರನ್ನೆಲ್ಲ ಸೇರಿಸಿ ರೀಯೂನಿಯನ್ ಮಾಡಿ ಅಂತ ಮಾತ್ರ ನಾನು ಕೇಳಲ್ಲ. ಅವರಿಗೆಲ್ಲ ನಲವತ್ತು ದಾಟಿದೆ. ಈ ಸೀಸನ್ ನಮ್ಮ ತಲೆಯೊಳಗೇ ಇರಲಿ, ಖರ್ಚೂ ಇಲ್ಲ. ಆದರೆ ತಲೆಯೊಳಗಿನ ಸೀಸನ್‌ನಲ್ಲಿ ಯಾರನ್ನ ಮುಂದೆ ನಿಲ್ಲಿಸ್ತೀವಿ ಅನ್ನೋದು ಸಣ್ಣ ವಿಷಯ ಅಲ್ಲ. ಈ ಮ್ಯಾಗಝಿನ್ ಓದ್ತಿರೋ ನಾವು ಬಹುಪಾಲು ಲಿಂಡ್ಸೆಗಳು. ಗಣಿತ ಬರುತ್ತೆ ಅಂತ ಇಲ್ಲಿದೀವಿ. ಒಂದು ಸೆಮಿಸ್ಟರ್ ಹಾಳಾದ್ರೆ ಮನೆಯಿಂದ ಯಾರಾದ್ರೂ ಬಂದು ಮಾತಾಡ್ತಾರೆ, ಫೀಸ್ ಕಟ್ತಾರೆ. ಅಟೆಂಡೆನ್ಸ್ ಶಾರ್ಟೇಜ್ ಇಬ್ಬರಿಗೂ ಒಂದೇ, ಬಂಕ್ ಮಾಡಿದ ಸಿನಿಮಾನೂ ಒಂದೇ. ಆದರೂ ಒಬ್ಬನಿಗೆ ಅದು ಕಾಲೇಜ್ ದಿನಗಳ ಕಥೆ ಆಗುತ್ತೆ, ಇನ್ನೊಬ್ಬನಿಗೆ ವರ್ಷವೇ ಹೋಗುತ್ತೆ. ಆ ಇನ್ನೊಬ್ಬನ ಹೆಸರು ಗ್ರೂಪ್ ಫೋಟೋದಲ್ಲಿ ನೆನಪಿರುತ್ತೆ, ಕಥೆಯಲ್ಲಿ ಇರಲ್ಲ.

ನೋಡಿರೋರು ಇನ್ನೊಂದು ಸಲ ಕೊನೆಯ ಎಪಿಸೋಡ್ ಹಾಕಿ. ವ್ಯಾನ್ ಹೊರಡೋವಾಗ ಲಿಂಡ್ಸೆಯನ್ನ ಬಿಟ್ಟು ಕಿಮ್‌ನ ನೋಡಿ. ಆಮೇಲೆ ನಿಮ್ಮ ಎರಡನೇ ಸೀಸನ್ ಯಾವುದು ಅಂತ ಬರೆದು ಕಳಿಸಿ, ಜಗಳ ಆಡೋಣ.