ಕಮಾನು ಸಾಕು, ಟ್ರ್ಯಾಕ್ ಬೇಕು

ಜುಲೈ 26ರ ಕಾರ್ಗಿಲ್ ವಿಜಯ ದಿವಸ ಬಂತೆಂದರೆ ಊರೂರಲ್ಲಿ ಕೇಳಿಬರುವ ಮಾತು: ಹುತಾತ್ಮ ಯೋಧರಿಗೊಂದು ಸ್ಮಾರಕ ಆಗಬೇಕು. ಆಗಲೇಬೇಕು. ಆದರೆ ಸ್ಮಾರಕ ಅಂದಕೂಡಲೇ ನಮ್ಮ ಜನಪ್ರತಿನಿಧಿಗಳಿಗೆ ಹೊಳೆಯುವುದು ಊರ ಬಾಗಿಲಿಗೊಂದು ಸಿಮೆಂಟ್ ಕಮಾನು, ಇಲ್ಲವೇ ಸರ್ಕಲ್ ನಡುವೆ ಗ್ರಿಲ್ ಹಾಕಿದ ಪುತ್ಥಳಿ. ಅದಕ್ಕೆ ಅನುದಾನವೂ ಸಿಗುತ್ತದೆ, ಅಡಿಗಲ್ಲಿಗೆ ಮಂತ್ರಿಗಳೂ ಸಿಗುತ್ತಾರೆ. ಆ ಕಲ್ಲಿನ ಮೇಲೆ ಜೀವ ಕೊಟ್ಟವನ ಹೆಸರಿಗಿಂತ ಉದ್ಘಾಟಿಸಿದವರ ಹೆಸರೇ ದಪ್ಪ ಅಕ್ಷರದಲ್ಲಿರುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರು ಇನ್ನು ಮುಂದೆ ಬೇರೊಂದನ್ನು ಕೇಳಲಿ: ಸ್ಮಾರಕವಾಗಿಯೇ ಕಟ್ಟಿದ ಆಟದ ಮೈದಾನ.

ಇದೇನು ಹೊಸ ಕಲ್ಪನೆಯಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಹಲವು ಊರುಗಳು ಸತ್ತವರ ನೆನಪಿಗೆ ಕ್ರೀಡಾಂಗಣಗಳನ್ನು ಕಟ್ಟಿಸಿದವು. ಷಿಕಾಗೊದಲ್ಲಿ 1924ರಲ್ಲಿ ತೆರೆದ ಕ್ರೀಡಾಂಗಣಕ್ಕೆ ಮರುವರ್ಷವೇ ‘ಸೋಲ್ಜರ್ ಫೀಲ್ಡ್’ ಎಂದು ಹೆಸರಿಟ್ಟರು. ಲಾಸ್ ಏಂಜಲೀಸಿನ ಮೆಮೋರಿಯಲ್ ಕಲೋಸಿಯಂ 1923ರದು. ಅಲ್ಲಿ 1932 ಮತ್ತು 1984ರ ಒಲಿಂಪಿಕ್ಸ್ ನಡೆದವು. 2018ರಲ್ಲಿ ಈ ಕಲೋಸಿಯಂಗೆ ಒಂದು ವಿಮಾನಯಾನ ಕಂಪನಿಯ ಹೆಸರು ಅಂಟಿಸುವ ಒಪ್ಪಂದವಾಯಿತು. ಮಾಜಿ ಸೈನಿಕರು ತಿರುಗಿ ಬಿದ್ದರು. ಕೊನೆಗೆ ಕಂಪನಿಯ ಹೆಸರು ಒಳಗಿನ ಅಂಕಣಕ್ಕೆ ಮಾತ್ರ ಸೀಮಿತವಾಗಿ, ಕಲೋಸಿಯಂ ಹುತಾತ್ಮರ ಪಾಲಿಗೇ ಉಳಿಯಿತು. ನಮ್ಮಲ್ಲೂ ಹೆಸರಿಗಾಗಿ ಜಗಳ ಆಗುತ್ತವೆ. ಮೈದಾನಕ್ಕಾಗಿ ಆಗುವುದಿಲ್ಲ.

ಹಾವೇರಿ ಜಿಲ್ಲೆ ಹೆಸರಿಡುವುದರಲ್ಲಿ ಹಿಂದೆ ಬಿದ್ದಿಲ್ಲ. ಜಿಲ್ಲಾ ಕ್ರೀಡಾಂಗಣಕ್ಕೆ ಹೊಸಮನಿ ಸಿದ್ದಪ್ಪನವರ ಹೆಸರಿದೆ, ಕಾಲೇಜಿಗೆ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರಿದೆ. ಮೈಲಾರ ಮಹಾದೇವಪ್ಪನವರ ನೆನಪಿಗೆ ವೀರಸೌಧವೇ ಇದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮಹಾದೇವಪ್ಪ, 1930ರಲ್ಲಿ ಇನ್ನೂ ಹತ್ತೊಂಬತ್ತು ತುಂಬದ ಹುಡುಗನಾಗಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಸಬರಮತಿಯಿಂದ ಹೊರಟ ಆ ತಂಡದಲ್ಲಿ ಕರ್ನಾಟಕದವರೆಂದರೆ ಅವರೊಬ್ಬರೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿದ್ದ ಕಂದಾಯದ ಹಣಕ್ಕೆ ಕೈ ಹಾಕಿದಾಗ ಪೊಲೀಸರ ಗುಂಡಿಗೆ ಬಲಿಯಾದರು. ಅಂದು ಸತ್ತವರು ಮೂವರು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಹೆಸರನ್ನು ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನ ಹೇಳಿಯಾರು?

ವರ್ಷಕ್ಕೊಮ್ಮೆ ಮಾಲೆ ಹಾಕುವ ಜಾಗದಲ್ಲಿ ಹೆಸರು ಉಳಿಯುವುದು ಕಷ್ಟ. ದಿನಾ ಜನ ಓಡಾಡುವ ಜಾಗದಲ್ಲಿ ಅದು ಬಾಯಿಗೆ ಹತ್ತುತ್ತದೆ. ಇದನ್ನು ಅರಿಯಲು ಷಿಕಾಗೊವರೆಗೆ ಹೋಗಬೇಕಾಗಿಯೂ ಇಲ್ಲ. ಹಾವೇರಿಯ ಪುರಸಿದ್ಧೇಶ್ವರ ಗುಡಿಯ ಆವರಣದಲ್ಲಿ ನಿಂತ ವೀರಗಲ್ಲುಗಳನ್ನು ನೋಡಿ ಬಂದರೆ ಸಾಕು. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುವುದು. ತುರುಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಆ ಕಾಲದ ಊರು ಇಂಥ ಕಲ್ಲು ನಿಲ್ಲಿಸುತ್ತಿತ್ತು. ಅವನು ಹೇಗೆ ಸತ್ತ ಎಂಬುದನ್ನು ಓದು ಬಾರದವರಿಗೂ ತಿಳಿಯುವಂತೆ ಕೆತ್ತಿಸುತ್ತಿತ್ತು. ಈಗಿನ ಫ್ಲೆಕ್ಸಿಗೆ ಅಷ್ಟು ತಾಳ್ಮೆಯಿಲ್ಲ.

ಇನ್ನು ಸೇನೆ ಸೇರಬೇಕೆಂದಿರುವ ಹುಡುಗರ ಮಾತು. ಹಾವೇರಿಯಲ್ಲಿ 2022ರಲ್ಲಿ ಅಗ್ನಿವೀರರ ನೇಮಕಾತಿ ರ‍್ಯಾಲಿ ನಡೆಯಿತು. ಅಲ್ಲಿ ಹುಡುಗನ ಹಣೆಬರಹ ತೀರ್ಮಾನವಾಗುವುದು 1,600 ಮೀಟರ್ ಓಟದಲ್ಲಿ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವನಿಗೆ 60 ಅಂಕ. ಅದರ ಮೇಲೆ 15 ಸೆಕೆಂಡ್ ಹಿಡಿದವನಿಗೆ 48. ಆಮೇಲೆ ಪುಲ್ ಅಪ್ಸ್, 9 ಅಡಿ ಕಂದಕದ ಜಿಗಿತ. 1,600 ಮೀಟರ್ ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಸರಿಯಾಗಿ ನಾಲ್ಕು ಸುತ್ತು. ಟ್ರ್ಯಾಕಿನ ಮೇಲೆ ಓಡಿ ರೂಢಿಯಾದವನಿಗೆ ಎರಡನೇ ಸುತ್ತಿನಲ್ಲಿ ಎಷ್ಟು ದಮ್ಮು ಉಳಿಸಿಕೊಳ್ಳಬೇಕು, ನಾಲ್ಕನೆಯದರಲ್ಲಿ ಎಲ್ಲಿಂದ ಬಿರುಸು ಹಿಡಿಯಬೇಕು ಅನ್ನುವುದು ಮೈಗೆ ಗೊತ್ತಿರುತ್ತದೆ. ಹಳ್ಳಿಯ ಹುಡುಗ ಮಾತ್ರ ನಸುಕಿನಲ್ಲಿ ರಸ್ತೆಯ ಅಂಚಿಗೆ, ಲಾರಿಗಳ ಗಾಳಿ ಕುಡಿಯುತ್ತ, ಮೈಲುಗಲ್ಲು ನೋಡಿಕೊಂಡು ಓಡುತ್ತಾನೆ. ಸತ್ತ ಸೈನಿಕನಿಗೆ ಕಮಾನು ಕಟ್ಟಿಸುವ ನಾವು ಸೈನಿಕನಾಗ ಹೊರಟವನಿಗೆ ಓಡಲು ಜಾಗ ಕೊಟ್ಟಿಲ್ಲ.

ಹಾಗಾದರೆ ಎಲ್ಲಿ? ಮೋಟೆಬೆನ್ನೂರಿನಲ್ಲೇ ಯಾಕಾಗಬಾರದು? ಹೆದ್ದಾರಿಯ ಮೇಲೆ ಹಾವೇರಿ–ರಾಣೆಬೆನ್ನೂರಿನ ನಡುವೆ ಇರುವ ಊರು, ಬ್ಯಾಡಗಿಯ ರಸ್ತೆ ಅಲ್ಲಿಂದಲೇ ತಿರುಗುತ್ತದೆ. ಮಹಾದೇವಪ್ಪನವರು ಹುಟ್ಟಿದ್ದೂ ಅಲ್ಲೇ. ಕೋಟಿಗಟ್ಟಲೆಯ ಸಿಂಥೆಟಿಕ್ ಟ್ರ್ಯಾಕ್ ಬೇಡ. ನೀರು ಹರಿದುಹೋಗುವಂತೆ ಹದ ಮಾಡಿದ ಮಣ್ಣಿನ ಟ್ರ್ಯಾಕ್, ಸುಣ್ಣದ ಗೆರೆ, ಕೊಕ್ಕೊ ಕಂಬ, ಕಬಡ್ಡಿ ಅಂಕಣ, ಕುಸ್ತಿಗೊಂದು ಮಣ್ಣಿನ ಅಖಾಡ, ಹೆಣ್ಣುಮಕ್ಕಳಿಗೆ ಬೀಗ ಹಾಕಿಡದ ಶೌಚಾಲಯ. ಓಟ ಶುರುವಾಗುವ ಗೆರೆಯ ಪಕ್ಕದಲ್ಲಿ ಒಂದು ಕಲ್ಲು. ಅದರಲ್ಲಿ ಹೊಸರಿತ್ತಿಯ ಮೂವರು ಹಾಗೂ ಈ ಮೂರು ತಾಲ್ಲೂಕುಗಳಿಂದ ಗಡಿಗೆ ಹೋಗಿ ಮರಳದ ಯೋಧರ ಹೆಸರು, ಊರು, ಸತ್ತ ಜಾಗ, ಸತ್ತ ದಿನ. ಉದ್ಘಾಟಕರ ಹೆಸರಿಗೆ ಅಲ್ಲಿ ಜಾಗವಿಲ್ಲ.

ಒಂದು ಕಟ್ಟುನಿಟ್ಟು ಮಾತ್ರ ಬೇಕು. ಟ್ರ್ಯಾಕಿನ ಮೇಲೆ ಶಾಮಿಯಾನದ ಗೂಟ ಬೀಳಕೂಡದು. ಪಕ್ಷದ ಸಮಾವೇಶ, ವಸ್ತುಪ್ರದರ್ಶನ, ಪಟಾಕಿ ಮಳಿಗೆ ಯಾವುದಕ್ಕೂ ಬಾಡಿಗೆಗೆ ಕೊಡಕೂಡದು. ನಮ್ಮ ರಾಜ್ಯದಲ್ಲಿ ಕ್ರೀಡಾಂಗಣಗಳು ಹಾಳಾಗುವುದು ಆಟದಿಂದಲ್ಲ, ಸಮಾರಂಭಗಳಿಂದ. ಸಮಾರಂಭ ಮುಗಿದ ಮೇಲೆ ಗುಂಡಿ ಮುಚ್ಚುವವರು ಯಾರೆಂಬುದು ಟೆಂಡರಿನಲ್ಲೂ ಇರುವುದಿಲ್ಲ.

ದುಡ್ಡಿನ ಮಾತಿಗೆ ಬಂದರೆ, ಮೆಣಸಿನಕಾಯಿಯಿಂದ ದೇಶಕ್ಕೆಲ್ಲ ಹೆಸರಾದ ಪೇಟೆ, ಹೋರಿ ಹಬ್ಬಕ್ಕೆ ಸಾವಿರಾರು ಜನರನ್ನು ಕಲೆಹಾಕಬಲ್ಲ ಊರುಗಳು ಒಂದು ಮಣ್ಣಿನ ಟ್ರ್ಯಾಕಿಗಾಗಿ ಬೆಂಗಳೂರಿನ ಮುಂದೆ ಕೈಯೊಡ್ಡಿ ನಿಲ್ಲಬೇಕಿಲ್ಲ. ಜಾಗ ಮತ್ತು ವರ್ಷವರ್ಷದ ನಿರ್ವಹಣೆ ಮಾತ್ರ ಸರ್ಕಾರದ್ದೇ ಹೊಣೆ. ಆದ್ದರಿಂದ ಬರುವ ಏಪ್ರಿಲ್ 1ಕ್ಕೆ ಮಾಲೆ ಹಿಡಿದು ಬರುವ ಶಾಸಕರಿಗೆ ಈ ಎರಡು ಪ್ರಶ್ನೆ ಹಾಕೋಣ: ಜಾಗದ ಸರ್ವೆ ನಂಬರ್ ಎಷ್ಟು? ನಿರ್ವಹಣೆಯ ಹಣ ಯಾವ ಇಲಾಖೆಯದು?